ಮೂಲದ ಊರಿನಲ್ಲಿ ಏನೂ ಅನ್ನಿಸದಿದ್ದರೆ

ಕನ್ನಡದಲ್ಲಿ ‘ಊರು’ ಎಂಬ ಪದಕ್ಕೆ ಎರಡು ಕೆಲಸ. ಈಗ ಇರುವ ಜಾಗವೂ ಊರೇ, ಬಿಟ್ಟುಬಂದ ಜಾಗವೂ ಊರೇ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಕಳೆದು, ಸೈಟು ಕೊಂಡು ಮನೆ ಕಟ್ಟಿಸಿದವರೂ ಹಬ್ಬ ಬಂದರೆ ‘ಊರಿಗೆ ಹೋಗ್ತೀವಿ’ ಅನ್ನುತ್ತಾರೆ. ಅವರಿಗೆ ಅಲ್ಲೊಂದು ಮನೆಯಿರುತ್ತದೆ. ಮನೆ ಇಲ್ಲದಿದ್ದರೆ ದಾಯಾದಿಗಳ ಜೊತೆ ಒಂದು ವ್ಯಾಜ್ಯವಾದರೂ ಇರುತ್ತದೆ. ಮಕ್ಕಳ ಕಾಲಕ್ಕೆ ಹಬ್ಬವಷ್ಟೇ ಉಳಿಯುತ್ತದೆ. ಮೊಮ್ಮಕ್ಕಳ ಹೊತ್ತಿಗೆ ಊರೆಂಬುದು ಪ್ರವಾಸವಾಗಿಬಿಡುತ್ತದೆ.

ಅಂಥದೊಂದು ಪ್ರವಾಸದಲ್ಲಿ ಕಳೆದ ಡಿಸೆಂಬರಿನಲ್ಲಿ ನಾನೂ ಇದ್ದೆ. ಮಂಡ್ಯ ಜಿಲ್ಲೆಯಿಂದ ಎಂದೋ ಹೊರಟುಹೋದ ಕುಟುಂಬಗಳ 14 ಮಂದಿ ಹುಡುಗ ಹುಡುಗಿಯರು, ಒಂದು ಟೆಂಪೊ ಟ್ರಾವೆಲರ್, ಮೂರು ದಿನ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ನನ್ನ ಸಂಶೋಧನೆ ಈ ಭಾಗದ ನೀರಾವರಿಯ ಇತಿಹಾಸದ ಮೇಲಿರುವುದರಿಂದ, ದಾರಿಯುದ್ದಕ್ಕೂ ವಿವರಿಸಿ ಹೇಳಲು ನನ್ನನ್ನು ಕರೆದಿದ್ದರು. ಗುಂಪಿನಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಹತ್ತೊಂಬತ್ತರ ಹುಡುಗಿಯೊಬ್ಬಳಿದ್ದಳು. ಅವಳ ಮುತ್ತಜ್ಜನ ಗದ್ದೆ ಪಾಂಡವಪುರ ತಾಲ್ಲೂಕಿನಲ್ಲಿ, ನಾಲೆಯ ಬಯಲಿನಲ್ಲಿತ್ತು. ಮಾರಿ ಎರಡು ತಲೆಮಾರು ಕಳೆದಿದೆ. ಈಗ ಉಳುವವರು ನಮ್ಮನ್ನು ಒಳಗೆ ಬಿಟ್ಟರು, ಎಳನೀರು ಕೊಟ್ಟರು. ಅವಳು ಬದುವಿನ ಮೇಲೆ ನಿಂತಾಗ ಎಲ್ಲರ ಕಣ್ಣೂ ಅವಳ ಮುಖದ ಮೇಲೆ. ಒಬ್ಬರು ಫೋನು ಹಿಡಿದೇ ಇದ್ದರು. ಯಾರೋ ಹೇಳಿದರೆಂದು ಅವಳು ಒಂದು ಹಿಡಿ ಮಣ್ಣು ತೆಗೆದು ಕವರಿಗೆ ಹಾಕಿಕೊಂಡಳು. ಆ ರಾತ್ರಿ ತಡೆತಡೆದು ಕನ್ನಡದಲ್ಲೇ ಕೇಳಿದಳು: “ಅಕ್ಕ, ನಂಗೆ ಅಲ್ಲಿ ಏನೂ ಅನ್ನಿಸ್ಲಿಲ್ಲ. ಅದು ತಪ್ಪಾ?”

ತಪ್ಪಲ್ಲ ಎಂದು ಸಮಾಧಾನ ಹೇಳುವುದು ಸುಲಭ. ಹೇಳಿದೆ ಕೂಡ. ಆದರೆ ಪ್ರಶ್ನೆ ಅಷ್ಟಕ್ಕೆ ಮುಗಿಯುವಂಥದ್ದಲ್ಲ. ಏನಾದರೂ ಅನ್ನಿಸಲೇಬೇಕು ಎಂಬ ನಿರೀಕ್ಷೆ ಬಂದದ್ದೆಲ್ಲಿಂದ? ಈ ಬಗೆಯ ಪ್ರವಾಸಗಳು ಪ್ರಪಂಚದ ಎಲ್ಲೆಡೆ ಇವೆ. 1619ರಲ್ಲಿ ಆಫ್ರಿಕನ್ನರನ್ನು ಗುಲಾಮರಾಗಿ ವರ್ಜೀನಿಯಾಕ್ಕೆ ಸಾಗಿಸಿದ್ದಕ್ಕೆ ನಾನೂರು ವರ್ಷ ತುಂಬಿದ 2019ನ್ನು ಘಾನಾ ದೇಶ ‘ಮರಳಿ ಬರುವ ವರ್ಷ’ ಎಂದು ಸಾರಿ, ಅವರ ವಂಶದವರನ್ನು ಕರೆಯಿತು. ಅದಕ್ಕೂ ಮೊದಲೇ ಅಲ್ಲಿಗೆ ಹೋಗಿಬಂದ ಅಮೆರಿಕದ ವಿದ್ವಾಂಸೆ ಸೈದಿಯಾ ಹಾರ್ಟ್‌ಮನ್ ‘ಲೂಸ್ ಯುವರ್ ಮದರ್’ (2007) ಎಂಬ ಪುಸ್ತಕ ಬರೆದರು. ಪೂರ್ವಜರ ನೆಲದಲ್ಲಿ ಜನ ಅವರನ್ನು ಕರೆದದ್ದು ‘ಒಬ್ರುನಿ’ ಎಂದು, ಅಂದರೆ ಪರದೇಶದವಳು. ಅವರು ಅದನ್ನು ಮುಚ್ಚಿಟ್ಟುಕೊಳ್ಳಲಿಲ್ಲ, ಅಲ್ಲಿಂದಲೇ ಪುಸ್ತಕ ಶುರುಮಾಡಿದರು. ನಮ್ಮ ಪ್ರವಾಸಗಳಲ್ಲಿ ಅಂಥ ಪ್ರಾಮಾಣಿಕತೆಗೆ ಜಾಗವಿಲ್ಲ. ಗುಂಪಿನಲ್ಲಿ ಹೋದಾಗಲಂತೂ ಭಾವನೆ ಒಂದು ರೀತಿಯ ಹಾಜರಾತಿ; ಕಣ್ಣು ಒದ್ದೆಯಾಗದವರು ಗೈರುಹಾಜರು.

ಈ ನಿರೀಕ್ಷೆಯ ಹಿಂದಿರುವುದು ‘ಬೇರು’ ಎಂಬ ರೂಪಕ ಎಂದು ನನ್ನ ಅನುಮಾನ. ಬೇರಿದ್ದರೆ ನೆಲ ಮುಟ್ಟಿದೊಡನೆ ಒಳಗೆ ಏನೋ ಮಿಡಿಯಬೇಕು. ಮಿಡಿಯದಿದ್ದರೆ ಬೇರೇ ಸತ್ತಿದೆ ಎಂದರ್ಥ. ಆದರೆ ಮನುಷ್ಯರಿಗೆ ಬೇರಿಲ್ಲ, ಕಾಲಿದೆ. ಫ್ರಾನ್ಸಿನ ಸಿಮೋನ್ ವೇಲ್ 1943ರಲ್ಲಿ, ಸಾಯುವ ಕೆಲವೇ ತಿಂಗಳ ಮುಂಚೆ, ಬೇರೂರುವಿಕೆಯ ಮೇಲೆ ಒಂದು ಗ್ರಂಥ ಬರೆದಳು. ಅದು ಪ್ರಕಟವಾದದ್ದು 1949ರಲ್ಲಿ. ವಿಚಿತ್ರವೆಂದರೆ ಬೇರಿನ ಬಗೆಗಿನ ಆ ಪುಸ್ತಕ ಭಾವನೆಯಿಂದಲೂ ಹಕ್ಕಿನಿಂದಲೂ ಆರಂಭವಾಗುವುದಿಲ್ಲ. ಹಕ್ಕಿಗಿಂತ ಬಾಧ್ಯತೆಯೇ ಮೊದಲು ಎಂಬ ವಾದದಿಂದ ಆರಂಭವಾಗುತ್ತದೆ. ನಮ್ಮಲ್ಲಿ ಅದಕ್ಕೆ ಇನ್ನೂ ಹಳೆಯ, ಇನ್ನೂ ಬಳಕೆಯ ಪದವಿದೆ: ಋಣ. ಯಾರಾದರೂ ಊರು ಬಿಟ್ಟರೆ ‘ಈ ನೀರಿನ ಋಣ ತೀರಿತು’ ಅನ್ನುತ್ತೇವೆ. ಋಣಕ್ಕೆ ಭಾವನೆಯ ಹಂಗಿಲ್ಲ. ಸೊಸೈಟಿಯಲ್ಲಿ ತೆಗೆದ ಬೆಳೆಸಾಲ ನೆನಪಿದ್ದರೂ ಮರೆತರೂ ಸಾಲವೇ. ಹಾಗಾಗಿ ಆ ಹುಡುಗಿಯ ಪ್ರಶ್ನೆಯನ್ನು ಕೊಂಚ ತಿರುಗಿಸಬೇಕಾಗುತ್ತದೆ. ಇಲ್ಲಿ ನಿನಗೇನು ಅನ್ನಿಸಿತು ಎಂಬುದಲ್ಲ, ಇಲ್ಲಿ ನಿನ್ನ ಲೆಕ್ಕದಲ್ಲಿ ಏನಿದೆ, ಯಾರಿಗೆ ಕೊಡಬೇಕು?

ಲೆಕ್ಕ ತೆಗೆದು ನೋಡೋಣ. ಮುತ್ತಜ್ಜನ ಹೊಲ ಗದ್ದೆಯಾದದ್ದು ನಾಲೆಯ ನೀರಿನಿಂದ. ಮೊದಲು ಇರ್ವಿನ್ ನಾಲೆ ಎನಿಸಿಕೊಂಡಿದ್ದ, ಈಗ ಎಲ್ಲರೂ ವಿ.ಸಿ. ನಾಲೆ ಎನ್ನುವ ವಿಶ್ವೇಶ್ವರಯ್ಯ ನಾಲೆಯಿಂದ. ನೀರು ಬಂತು, ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಕಬ್ಬಿನ ದುಡ್ಡಿನಲ್ಲಿ ಅವಳ ತಾತ ಮೈಸೂರಿಗೆ ಓದಲು ಹೋದರು. ಓದಿನಿಂದ ಕೆಲಸ, ಕೆಲಸದಿಂದ ಅವಳಪ್ಪನಿಗೆ ಅಮೆರಿಕ. ಈ ಸರಪಣಿಯ ತುದಿ ಹಿಡಿದು ಹಿಂದಕ್ಕೆ ನಡೆದರೆ ಸಿಗುವುದು ಮುತ್ತಜ್ಜನ ಬದುವಲ್ಲ, ಕನ್ನಂಬಾಡಿ.

ಕೃಷ್ಣರಾಜಸಾಗರವನ್ನು ನಮ್ಮ ಕಡೆ ಇಂದಿಗೂ ಕನ್ನಂಬಾಡಿ ಕಟ್ಟೆ ಎಂದೇ ಕರೆಯುತ್ತಾರೆ. ಕನ್ನಂಬಾಡಿ ಒಂದು ಊರಾಗಿತ್ತು. 1911ರಲ್ಲಿ ಕೆಲಸ ಶುರುವಾದ ಕಟ್ಟೆ ಮುಗಿಯಲು ಎರಡು ದಶಕ ಹಿಡಿಯಿತು. ಅಷ್ಟರಲ್ಲಿ ಆ ಊರೂ ಸುತ್ತಲಿನ ಹಲವು ಹಳ್ಳಿಗಳೂ ನೀರಿನಡಿ ಸೇರಿದವು. ಕನ್ನಂಬಾಡಿಯವರು ಹಿನ್ನೀರಿನ ದಂಡೆಗೆ, ಹೊಸ ಕನ್ನಂಬಾಡಿಗೆ ಬಂದು ನೆಲೆಸಿದರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಸುಮಾರು ಎಪ್ಪತ್ತು ವರ್ಷ ನೀರಿನಲ್ಲೇ ಇತ್ತು. ಬರ ಬಿದ್ದ ವರ್ಷ ತಲೆ ಎತ್ತುವುದು, ಮಳೆ ಬಂದ ವರ್ಷ ಮುಳುಗುವುದು. ಕೊನೆಗೆ ಖೋಡೆ ಪ್ರತಿಷ್ಠಾನದವರು ಕಲ್ಲುಕಲ್ಲು ಬಿಡಿಸಿ ದಂಡೆಯ ಮೇಲೆ ಮರಳಿ ಕಟ್ಟಿಸಿದರು. ಈಗ ಅದು ಚೆಂದದ ಪ್ರವಾಸಿ ತಾಣ, ನಮ್ಮ ಪಟ್ಟಿಯಲ್ಲೂ ಇತ್ತು, ಫೋಟೋಗೆ ನಲವತ್ತು ನಿಮಿಷ. ಗುಡಿಯನ್ನು ಎತ್ತಿ ತರಬಹುದು. ಕಣ, ಸ್ಮಶಾನ, ಹಿತ್ತಲ ಹುಣಿಸೆ ಮರ ಇವನ್ನು ತರಲಾಗದು. ನೀರಿನ ಮಟ್ಟ 124.80 ಅಡಿ ಮುಟ್ಟಿದ ವರ್ಷ ಮುಖ್ಯಮಂತ್ರಿಗಳು ಬಂದು ಕಾವೇರಿಗೆ ಬಾಗಿನ ಅರ್ಪಿಸುತ್ತಾರೆ. ಅಡಿಯಲ್ಲಿರುವ ಊರುಗಳ ಹೆಸರನ್ನು ಆ ದಿನ ಯಾರಾದರೂ ಓದಿದ್ದನ್ನು ನಾನು ಕೇಳಿಲ್ಲ.

ಕಟ್ಟೆ ಕಟ್ಟಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಮಂಡ್ಯದಲ್ಲಿ ಕೂತು ಹಾಗೆ ಹೇಳುವುದು ಊಟ ಮಾಡುತ್ತಾ ಒಲೆಯನ್ನು ಬೈದಂತೆ. ಆದರೆ ಪೂರ್ವಜರ ಊರಿಗೆ ಕೃತಜ್ಞತೆ ಸಲ್ಲಿಸಲು ಅಷ್ಟು ದೂರದಿಂದ ಬಂದವರು ತಮ್ಮ ವಂಶದವರ ಮುಂದೆ ಮಾತ್ರ ಕೈಮುಗಿದು ಹೊರಟರೆ ಲೆಕ್ಕ ತಪ್ಪುತ್ತದೆ. ಪಿತೃಋಣ ನಮಗೆಲ್ಲ ಗೊತ್ತು. ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಹೇಳುವುದು ರೂಢಿ. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸುತ್ತದೆ: ಮನುಷ್ಯಋಣ. ಅದನ್ನು ತೀರಿಸುವ ದಾರಿಯನ್ನೂ ಅದೇ ಹೇಳುತ್ತದೆ, ಬಂದವರಿಗೆ ನೆಲೆ ಕೊಡುವುದು, ಅನ್ನ ಕೊಡುವುದು. ಈ ನಾಲ್ಕನೆಯದು ನಮ್ಮ ಬಾಯಿಮಾತಿನಿಂದ ಹೇಗೆ ಬಿಟ್ಟುಹೋಯಿತೋ ನೋಡಿ.

ಶ್ರೀರಂಗಪಟ್ಟಣದಲ್ಲಿ ಪಿತೃಋಣದ ಅಚ್ಚುಕಟ್ಟಾದ ಉದಾಹರಣೆಯೊಂದಿದೆ. ಅಲ್ಲಿನ ಗ್ಯಾರಿಸನ್ ಸ್ಮಶಾನದಲ್ಲಿ ಬ್ರಿಟಿಷರ ಜೊತೆ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳೂ ಇವೆ. 1799ರ ಮುತ್ತಿಗೆಯಲ್ಲಿ ಈ ರೆಜಿಮೆಂಟೂ ಇತ್ತು. ಹಾಳುಬಿದ್ದಿದ್ದ ಸ್ಮಶಾನವನ್ನು ಎರಡು ಶತಮಾನದ ನಂತರ ಆ ಮನೆತನದವರೇ ಮುಂದೆ ನಿಂತು ದುರಸ್ತಿ ಮಾಡಿಸಿದರು. ಅವರನ್ನು ಮೆಚ್ಚಬೇಕು, ನಮ್ಮ ಎಷ್ಟೋ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲಾಗಿವೆ. ಆದರೂ ಆ ಸಾಲುಗೋರಿಗಳ ನಡುವೆ ನಡೆಯುವಾಗ, ಅದೇ ಮೇ ತಿಂಗಳಲ್ಲಿ ಕೋಟೆಯೊಳಗೆ ಸತ್ತ ಊರಿನವರನ್ನು ಎಲ್ಲಿ ಹೂಳಿದರು, ಎಲ್ಲಿ ಸುಟ್ಟರು ಎಂದು ಹುಡುಗರು ಕೇಳಿದರು. ತೋರಿಸಲು ಹೆಸರು ಕೆತ್ತಿದ ಕಲ್ಲೊಂದೂ ನನಗೆ ಸಿಗಲಿಲ್ಲ. ಟಿಪ್ಪುವಿನ ಮಕ್ಕಳನ್ನು ಮೊದಲು ವೇಲೂರಿಗೆ, 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಹಾಕಿದರು. ಆ ವಂಶದವರಿಗೂ ಇದು ಮೂಲದ ಊರೇ. ಒಂದೇ ಊರಿಗೆ ಎಷ್ಟು ದಿಕ್ಕಿನಿಂದ ಎಷ್ಟು ಜನ ‘ನಮ್ಮದು’ ಎನ್ನುತ್ತಾ ಬರಬಹುದು!

ಕೆ.ಆರ್. ಪೇಟೆಯಲ್ಲಿ ಹೊಸಹೊಳಲಿನ ಗುಡಿ, ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ. ಅವೆಲ್ಲ ಚೆನ್ನಾಗಿಯೇ ನಡೆದವು. ನಾಗಮಂಗಲದ ಕಡೆ ಬಸ್ಸಿನ ಕಿಟಕಿಯ ಆಚೆ ನೆಲದ ಬಣ್ಣ ಬದಲಾಯಿತು. ಇಲ್ಲಿ ಹೆಚ್ಚಿನ ಪಾಲು ಮಳೆಯನ್ನೇ ನಂಬಿದ ರಾಗಿ, ಹುರುಳಿಯ ನೆಲ. ಕಟ್ಟೆಯ ನೀರು ಏರದ ಕಡೆಯಿಂದ ಜನ ಬೆಂಗಳೂರಿಗೆ ಇಳಿದರು, ಮುಂಬೈಗೆ ಹೋದರು. 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನ ನಡುವೆ ಅವರು ಮುಂಬೈನಿಂದ ಕೆ.ಆರ್. ಪೇಟೆಗೆ, ನಾಗಮಂಗಲಕ್ಕೆ ವಾಪಸು ಬಂದದ್ದೂ ಮೂಲದ ಊರಿನ ಪ್ರಯಾಣವೇ. ಅವರನ್ನು ಹಾಸ್ಟೆಲುಗಳಲ್ಲಿ, ಶಾಲೆಗಳಲ್ಲಿ ಇರಿಸಿದರು. ದಿನದ ಬುಲೆಟಿನ್ನಿನಲ್ಲಿ ‘ಮುಂಬೈನಿಂದ ಬಂದವರು’ ಎಂಬುದು ಒಂದು ಹೊಸ ಜಾತಿಯ ಹೆಸರಾಯಿತು. ಅವರಿಗೆ ಊರಿನ ಬಗ್ಗೆ ಏನು ಅನ್ನಿಸುತ್ತಿದೆ ಎಂದು ಆಗ ಯಾರೂ ಫೋನು ಹಿಡಿದು ಕಾಯಲಿಲ್ಲ. ಅದೇ ತಾಲ್ಲೂಕುಗಳಿಗೆ ನಮ್ಮ ಟೆಂಪೊ ಹೋದಾಗ ಹಾರ ಇತ್ತು, ಹೋಳಿಗೆ ಊಟ ಇತ್ತು.

ಇದನ್ನು ಹೇಳಿದಾಗ ಆ ಹುಡುಗಿ ಕೇಳಿದ್ದು ಒಂದೇ: ಅವರಲ್ಲಿ ಯಾರಾದರೂ ಇಲ್ಲೇ ಉಳಿದರಾ? ಕೆಲವರು ಉಳಿದರು, ಬಹಳ ಜನ ಮರಳಿ ಹೋದರು ಎಂದೆ.

ಈ ವರ್ಷ ಇನ್ನೊಂದು ತಂಡಕ್ಕೆ ದಾರಿ ಹಾಕಿಕೊಡಿ ಎಂದು ಕೇಳಿದ್ದಾರೆ. ಹೊಸ ಕನ್ನಂಬಾಡಿಗೆ ನಲವತ್ತು ನಿಮಿಷದ ಬದಲು ಅರ್ಧ ದಿನ ಬರೆದು ಕಳಿಸಿದ್ದೇನೆ. ಗುಡಿಗಲ್ಲ, ಊರೊಳಕ್ಕೆ. ಅಲ್ಲಿನ ಹಿರಿಯರ ಹತ್ತಿರ, ತಾತ ಮುತ್ತಾತಂದಿರು ಬಿಟ್ಟುಬಂದ ಊರುಗಳ ಹೆಸರು ಕೇಳಿ ಬರೆದುಕೊಳ್ಳುವುದು, ಮಧ್ಯಾಹ್ನ ಅವರೊಂದಿಗೆ ಕೂತು ಉಣ್ಣುವುದು, ಅಡುಗೆಯ ಖರ್ಚು ತಂಡದ್ದು. ‘ಅಲ್ಲಿ ನೋಡೋಕೇನಿದೆ ಮೇಡಂ?’ ಎಂದು ಉತ್ತರ ಬಂದಿದೆ. ನಾನಿನ್ನೂ ಮರುಉತ್ತರ ಬರೆದಿಲ್ಲ.