ನಮ್ಮವರೆಂಬ ನುಡಿಯ ಒರೆಗಲ್ಲು

ಗೃಹಸ್ಥನಾದವನು “ನಮ್ಮವರು” ಎಂಬ ಮಾತನ್ನು ದಿನಕ್ಕೆ ಎಷ್ಟು ಸಲ ನುಡಿಯುತ್ತಾನೆಂಬುದಕ್ಕೆ ಲೆಕ್ಕವಿಲ್ಲ. ನಮ್ಮ ಮನೆ, ನಮ್ಮ ಊರು, ನಮ್ಮ ಮಠ, ನಮ್ಮ ಮಕ್ಕಳು ಎನ್ನುತ್ತಲೇ ಅವನ ಆಯುಷ್ಯ ಸವೆಯುತ್ತದೆ. ಈ ಮಾತನ್ನು ಅತ್ಯಂತ ಉನ್ನತವಾದ ಅರ್ಥಕ್ಕೆ ಏರಿಸಿದವರು ಮಹಾತ್ಮ ಬಸವಣ್ಣನವರು. ಎದುರಿಗೆ ಬಂದವನ ಕುಲಗೋತ್ರಗಳನ್ನು ವಿಚಾರಿಸಿ ದೂರವಿಡುವ ಬುದ್ಧಿಯು ತಮಗೆ ಬಾರದಿರಲಿ, ಅವನನ್ನು ಮನೆಯ ಮಗನೆಂದೇ ಎಣಿಸುವಂತಾಗಲಿ ಎಂಬುದು ಆ ಮಹಾನುಭಾವರ ಬೇಡಿಕೆಯಾಗಿದ್ದಿತು. ನಾವೂ “ನಮ್ಮವರು” ಎನ್ನುತ್ತೇವೆ, ಅವರೂ ಎಂದರು. ಎರಡೂ ಒಂದೆಯೇ? ಒಂದಲ್ಲವಾದರೆ ಭೇದವೆಲ್ಲಿದೆ? ಹೊನ್ನನ್ನು ಒರೆಗಲ್ಲಿಗೆ ತಿಕ್ಕಿ ನೋಡುವಂತೆ ಈ ನುಡಿಯನ್ನು ತಿಕ್ಕಿ ನೋಡುವ ಕಲ್ಲು ಯಾವುದು? ಈ ಲೇಖನದ ವಿಚಾರವಿಷ್ಟೆ.

ಇದಕ್ಕೆ ನಿದರ್ಶನವಾಗಿ ದೂರದೇಶದ ಒಂದು ಆಟದ ಪ್ರಸಂಗವನ್ನು ತೆಗೆದುಕೊಂಡಿದ್ದೇನೆ. ಮಠದ ಪತ್ರಿಕೆಯಲ್ಲಿ ಚೆಂಡಾಟದ ಮಾತೇಕೆಂದು ವಾಚಕರು ಶಂಕಿಸಬಹುದು. ನಮ್ಮ ಸಮಾಜದ ಅನೇಕ ಮಕ್ಕಳು ಇಂದು ಅಮೇರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಅಲ್ಲಿಯ ಅಭಿಮಾನಗಳು ಅವರನ್ನೂ ಸೋಂಕದೆ ಬಿಡವು. ಇದು ಒಂದು ಕಾರಣ. ಬಂಧುತ್ವದಲ್ಲಿ ಆಸ್ತಿಯ ಆಸೆ, ಸ್ನೇಹದಲ್ಲಿ ಉಪಕಾರದ ಆಸೆ ಬೆರೆತಿರಬಹುದು. ಆದರೆ ತನಗೆ ಕವಡೆಯ ಲಾಭವೂ ಇಲ್ಲದ ಒಂದು ತಂಡವನ್ನು “ನಮ್ಮದು” ಎಂದು ಅಪ್ಪಿಕೊಂಡವನಲ್ಲಿ ಮನಸ್ಸಿನ ಸ್ವರೂಪವು ಕಲಬೆರಕೆಯಿಲ್ಲದೆ ಕಾಣುತ್ತದೆ. ಇದು ಮುಖ್ಯವಾದ ಕಾರಣ.

ಬೇಸ್‌ಬಾಲ್ ನಮ್ಮಲ್ಲಿ ಅಷ್ಟಾಗಿ ಪರಿಚಿತವಾದ ಆಟವಲ್ಲ. ಕ್ರಿಕೆಟ್ಟನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ಪಿಚರ್ ಎಂಬವನು ಚೆಂಡನ್ನು ಎಸೆಯುತ್ತಾನೆ. ಎದುರಾಳಿಯು ದಾಂಡಿನಿಂದ ಹೊಡೆಯುತ್ತಾನೆ. ಮೂವರು ಔಟಾದರೆ ಒಂದು ಪಕ್ಷದ ಸರದಿ ಮುಗಿಯಿತು. ಪ್ರತಿಯೊಂದು ಪಕ್ಷಕ್ಕೂ ಒಂಬತ್ತು ಸರದಿಗಳು. ಇಂತಿಷ್ಟು ಹೊತ್ತಿಗೆ ಆಟ ಮುಗಿಯಬೇಕೆಂಬ ಕಟ್ಟಿಲ್ಲ. ಸಮಸಮವಾದರೆ ಒಂದು ಪಕ್ಷ ಮುಂದಾಗುವವರೆಗೆ ಸರದಿಗಳು ಬೆಳೆಯುತ್ತಲೇ ಹೋಗುತ್ತವೆ. ಕಾಲೇಜು ತಂಡಗಳ ರಾಷ್ಟ್ರೀಯ ಸ್ಪರ್ಧೆಯು 1947ರಲ್ಲಿ ಆರಂಭವಾಗಿ, 1950ರಿಂದ ಅದರ ಕೊನೆಯ ಹಂತವು ನೆಬ್ರಾಸ್ಕ ರಾಜ್ಯದ ಓಮಾಹಾ ನಗರದಲ್ಲಿ ಜರುಗುತ್ತ ಬಂದಿದೆ. 1999ರಿಂದ 64 ತಂಡಗಳು ಸ್ಪರ್ಧೆಗೆ ಇಳಿಯುವ ಏರ್ಪಾಡಾಯಿತು. ಮೊದಲ ಹಂತದಲ್ಲಿ ಎರಡು ಸಲ ಸೋತ ತಂಡ ಹೊರಬೀಳುತ್ತದೆ. ಹೀಗೆ ಸೋಸಿ ಉಳಿದ ಎಂಟು ತಂಡಗಳು ಜೂನ್ ತಿಂಗಳಲ್ಲಿ ಓಮಾಹಾಕ್ಕೆ ಬರುತ್ತವೆ. ಕೊನೆಗೆ ಉಳಿದ ಎರಡು ತಂಡಗಳಲ್ಲಿ, ಮೂರು ಆಟಗಳ ಪೈಕಿ ಎರಡನ್ನು ಗೆದ್ದದ್ದೇ ವಿಜಯಿ. ಈ ಕೊನೆಯ ನಿಯಮವು 2003ರಲ್ಲಿ ಜಾರಿಗೆ ಬಂದಿತು.

ಈ ತಂಡಗಳ ಹಿಂದೆ ಹೋಗುವ ಅಭಿಮಾನಿಗಳನ್ನು ನೋಡಬೇಕು. ಅವರಲ್ಲಿ ಆ ಕಾಲೇಜಿನಲ್ಲಿ ಓದಿದವರು ಕೆಲವರು. ಅದರ ಮೆಟ್ಟಿಲನ್ನೇ ತುಳಿಯದವರು ಎಷ್ಟೋ ಮಂದಿ. ಆರ್ಕನ್ಸಾ ರಾಜ್ಯದ ಸ್ಥಿತಿಯನ್ನು ಗಮನಿಸಿರಿ. ಅಲ್ಲಿ ಅಗ್ರಶ್ರೇಣಿಯ ವೃತ್ತಿಪರ ತಂಡವಾವುದೂ ಇಲ್ಲ. ಆದುದರಿಂದ ವಿಶ್ವವಿದ್ಯಾಲಯದ ತಂಡವೇ ಇಡೀ ರಾಜ್ಯದ ತಂಡವಾಗಿದೆ. ಕಾಡುಹಂದಿಯ ಹೆಸರನ್ನು ಹೊತ್ತ ಆ ತಂಡಕ್ಕಾಗಿ, ಹಂದಿ ಸಾಕುವ ರೈತನು ತನ್ನ ಪ್ರಾಣಿಗಳನ್ನು ಕರೆಯುವ ರೀತಿಯ ಕೂಗನ್ನು ಸಾವಿರಾರು ಕಂಠಗಳು ಒಮ್ಮೆಲೇ ಕೂಗುತ್ತವೆ. ಓಮಾಹಾಕ್ಕೆ ಸುಮಾರು ಆರುನೂರು ಕಿಲೋಮೀಟರು ದಾರಿ. ಹೋಗಲಾರದವರು ಮನೆಯಲ್ಲಿ ದೂರದರ್ಶನದ ಮುಂದೆ ರಾತ್ರಿಯನ್ನು ಕಳೆಯುತ್ತಾರೆ.

ಆ ರಾತ್ರಿಗಳು ಎಷ್ಟು ದೀರ್ಘವಾಗಬಲ್ಲವೆಂಬುದಕ್ಕೆ 2009ರ ಮೇ 30ರಂದು ಆಸ್ಟಿನ್ ನಗರದಲ್ಲಿ ನಡೆದ ಆಟವೇ ಸಾಕ್ಷಿ. ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೂ ಬಾಸ್ಟನ್ ಕಾಲೇಜಿಗೂ ನಡೆದ ಆ ಪಂದ್ಯವು ಒಂಬತ್ತು ಸರದಿಗಳಲ್ಲಿ ಮುಗಿಯದೆ ಇಪ್ಪತ್ತೈದಕ್ಕೆ ಬೆಳೆಯಿತು. ಸಂಜೆ ಆರಂಭವಾದದ್ದು ಏಳು ಗಂಟೆಗೂ ಮೀರಿ ನಡೆದು ಮಧ್ಯರಾತ್ರಿಯ ನಂತರ 3–2ರಲ್ಲಿ ಟೆಕ್ಸಾಸ್ ಪಾಲಾಯಿತು. ಶಿವರಾತ್ರಿಯ ಜಾಗರಣೆಯಲ್ಲಿ ಎರಡನೆಯ ಜಾವಕ್ಕೇ ತೂಕಡಿಸುವ ನಮಗೆ ಆ ಎಚ್ಚರಿಕೆಯು ನಾಚಿಕೆಯನ್ನು ತರಬೇಕಾದುದೇ ಸರಿ.

ಇದೆಲ್ಲ ಬರಿಯ ಮೋಹ, ಚೆಂಡಿನ ಮಾಯೆ ಎಂದು ತಳ್ಳಿಬಿಡುವುದು ಸುಲಭ. ಆದರೆ ಅಲ್ಲಮಪ್ರಭುದೇವರು ನಮಗೆ ಕಲಿಸಿದ ವಿವೇಕ ಅದಲ್ಲ. ಮಾಯೆಯನ್ನು ಹೊರಗಿನ ಪದಾರ್ಥದಲ್ಲಿ ಹುಡುಕಬೇಡ, ಅದರ ಕಡೆಗೆ ಧಾವಿಸುವ ಮನದ ಬಯಕೆಯಲ್ಲಿ ಹುಡುಕು ಎಂಬುದು ಅವರ ಬೋಧೆಯ ತಿರುಳು. ಹೊನ್ನು ಮಣ್ಣುಗಳಿಗೇ ಇಲ್ಲದ ದೋಷ ತೊಗಲಿನ ಚೆಂಡಿಗೆ ಎಲ್ಲಿಂದ ಬಂದೀತು? ಮುಖವನ್ನೇ ಕಾಣದ ಹುಡುಗನೊಬ್ಬನ ಶ್ರಮಕ್ಕೆ ತನ್ನ ಹೃದಯವನ್ನು ಕೊಟ್ಟು ರಾತ್ರಿಯಿಡೀ ಎಚ್ಚರವಿರಬಲ್ಲವನಲ್ಲಿ ಪ್ರೇಮದ ಬೀಜವಿದೆಯೆಂದು ಒಪ್ಪಲೇಬೇಕು. ಆ ಬೀಜದಿಂದ ಯಾವ ಗಿಡ ಹುಟ್ಟುತ್ತದೆಂಬುದೇ ಪ್ರಶ್ನೆ.

ಅದನ್ನು ತೋರಿಸಿದ ರಾತ್ರಿಯೊಂದುಂಟು. 2018ರ ಜೂನ್ 27, ಓಮಾಹಾ ನಗರದ ಕ್ರೀಡಾಂಗಣ. ಕೊನೆಯ ಸರಣಿಯಲ್ಲಿ ಆರ್ಕನ್ಸಾ ವಿಶ್ವವಿದ್ಯಾಲಯವೂ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯವೂ ಎದುರಾಗಿದ್ದವು. ಮೊದಲ ಆಟವನ್ನು ಆರ್ಕನ್ಸಾ ಗೆದ್ದುಕೊಂಡಿದ್ದಿತು. ಎರಡನೆಯ ಆಟದ ಒಂಬತ್ತನೆಯ ಸರದಿಯಲ್ಲಿಯೂ ಅದೇ 3–2ರಿಂದ ಮುಂದೆ. ಎದುರಾಳಿಗಳಲ್ಲಿ ಇಬ್ಬರು ಔಟಾಗಿದ್ದರು. ಇನ್ನೊಬ್ಬನು ಔಟಾದರೆ ಆ ರಾಜ್ಯವು ಅಂದಿನವರೆಗೆ ಒಮ್ಮೆಯೂ ಪಡೆಯದಿದ್ದ ಪ್ರಶಸ್ತಿ ಕೈಸೇರುತ್ತಿದ್ದಿತು. ಆಗ ದಾಂಡಿಗನು ಹೊಡೆದ ಚೆಂಡು ಗೆರೆಯ ಹೊರಗೆ, ಮೇಲಕ್ಕೆ ಹಾರಿತು. ಅದನ್ನು ನೆಲ ಮುಟ್ಟುವ ಮೊದಲೇ ಹಿಡಿದರೆ ಆಟ ಮುಗಿದಂತೆ. ಆರ್ಕನ್ಸಾದ ಮೂವರು ಹುಡುಗರು ಮೂರು ದಿಕ್ಕಿನಿಂದ ಓಡಿಬಂದರು. ಚೆಂಡು ಆ ಮೂವರ ನಡುವೆ ನೆಲಕ್ಕೆ ಬಿದ್ದಿತು. ಬದುಕಿಕೊಂಡ ದಾಂಡಿಗನು ಮುಂದಿನ ಹೊಡೆತದಿಂದ ಆಟವನ್ನು ಸಮ ಮಾಡಿದನು. ಅವನ ಬಳಿಕ ಬಂದವನು ಚೆಂಡನ್ನು ಬೇಲಿಯಾಚೆಗೆ ಹೊಡೆದು 5–3 ಮಾಡಿದನು. ಮರುದಿನದ ಮೂರನೆಯ ಆಟದಲ್ಲಿ ಆರೆಗನ್ ಸ್ಟೇಟ್ 5–0ಯಿಂದ ಗೆದ್ದು ಪ್ರಶಸ್ತಿಯನ್ನು ಒಯ್ದಿತು.

ಆ ಮೂವರ ಹೆಸರುಗಳು ಪತ್ರಿಕೆಗಳಲ್ಲಿ ಅಚ್ಚಾಗಿವೆ. ಇಲ್ಲಿ ಅವು ಬೇಡ. ಅವರು ಕಾಲೇಜಿನ ವಿದ್ಯಾರ್ಥಿಗಳು, ನಮ್ಮ ಮನೆಯ ಮಕ್ಕಳ ವಯಸ್ಸಿನವರು. ಚೆಂಡು ನೆಲ ಮುಟ್ಟಿದ ಆ ಕ್ಷಣದಲ್ಲಿ ಅಭಿಮಾನಿಯ ಬಾಯಿಂದ ಹೊರಡುವ ಮಾತನ್ನು ಪರೀಕ್ಷಿಸೋಣ. ತಂಡ ಗೆದ್ದಾಗ ಅವನು “ನಾವು ಗೆದ್ದೆವು” ಎನ್ನುತ್ತಾನೆ. ಅವನು ಚೆಂಡನ್ನು ಎಸೆದವನಲ್ಲ, ಹೊಡೆದವನೂ ಅಲ್ಲ, ಆದರೂ “ನಾವು”. ಅದರಲ್ಲಿ ತಪ್ಪಿಲ್ಲ, ಪ್ರೀತಿಯು ದೂರವನ್ನು ಲೆಕ್ಕಿಸದು. ಆದರೆ ಚೆಂಡು ಕೈತಪ್ಪಿದಾಗ “ನಾವು ಬಿಟ್ಟೆವು” ಎನ್ನುವವರೆಷ್ಟು ಮಂದಿ? “ಅವನು ಬಿಟ್ಟನು” ಎಂಬ ಮಾತೇ ಮೊದಲು ಬರುತ್ತದೆ. ಗೆಲುವಿನಲ್ಲಿ ಬಹುವಚನ, ಸೋಲಿನಲ್ಲಿ ಏಕವಚನ. ಗೆಲುವಿನಲ್ಲಿ ಉತ್ತಮಪುರುಷ, ಸೋಲಿನಲ್ಲಿ ಪ್ರಥಮಪುರುಷ. ವ್ಯಾಕರಣದ ಈ ಪಲ್ಲಟದಲ್ಲಿಯೇ ಮನಸ್ಸಿನ ಗುಟ್ಟು ಬಯಲಾಗುತ್ತದೆ. ಇಂಥವನು “ನಮ್ಮವನು” ಎಂದದ್ದು ಆ ಹುಡುಗನನ್ನಲ್ಲ, ಆ ಹುಡುಗನಿಂದ ತನಗೆ ಬರಬಹುದಾಗಿದ್ದ ಹಿಗ್ಗನ್ನು. ಹಿಗ್ಗು ಬಾರದಾಗ ಹುಡುಗನು ಹೊರಗಿನವನಾದನು.

ಇದನ್ನು ಓದಿ ಅಮೇರಿಕದವರ ಮೇಲೆ ನಗುವ ಮುನ್ನ ನಮ್ಮ ಮನೆಯ ಪಡಸಾಲೆಯನ್ನು ನೋಡಿಕೊಳ್ಳುವುದು ಒಳಿತು. ಮಗನು ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದ ದಿನ ತಂದೆಯು ಓಣಿಯಲ್ಲೆಲ್ಲ “ನನ್ನ ಮಗ” ಎಂದು ಸಕ್ಕರೆ ಹಂಚುತ್ತಾನೆ. ಅದೇ ಮಗನು ನಪಾಸಾದ ದಿನ ಅಡಿಗೆಯ ಮನೆಯ ಕಡೆಗೆ ತಿರುಗಿ, “ನೋಡು, ನಿನ್ನ ಮಗ ಮಾಡಿದ ಕೆಲಸ” ಎನ್ನುತ್ತಾನೆ. ಒಂದೇ ಮಗು ಒಂದು ದಿನ ತಂದೆಯದು, ಇನ್ನೊಂದು ದಿನ ತಾಯಿಯದು! ಓಮಾಹಾದ ಆಸನದಲ್ಲಿ ಕುಳಿತವನಿಗೂ ನಮ್ಮ ಪಡಸಾಲೆಯಲ್ಲಿ ಕುಳಿತವನಿಗೂ ಇಲ್ಲಿ ಏನು ಭೇದ?

ಬಸವಣ್ಣನವರ “ನಮ್ಮವ”ನಿಗೆ ಇಂಥ ಷರತ್ತಿಲ್ಲ. ಅವನು ಗೆದ್ದು ಬಂದವನೋ ಸೋತು ಬಂದವನೋ ಎಂದು ಕೇಳಿ ಬಾಗಿಲು ತೆರೆದದ್ದಲ್ಲ. ಸಮಾಜವು ಹೊರಗೆ ನಿಲ್ಲಿಸಿದವರೇ ಕಲ್ಯಾಣದ ಮಹಾಮನೆಯಲ್ಲಿ ಒಳಗಿನವರಾದರು. ಹಾಗಾದರೆ ಒರೆಗಲ್ಲು ದೊರೆಯಿತು. ನಮ್ಮವನೆಂದು ನಾವು ಯಾರನ್ನು ಕರೆಯುತ್ತೇವೆಯೋ ಅವನು ಎಡವಿದ ಕ್ಷಣವೇ ಆ ಒರೆಗಲ್ಲು.

ಬಯಕೆಯು ಬೆಳೆದರೆ ಏನಾಗುವುದೆಂಬುದನ್ನೂ ಇದೇ ಆಟದಲ್ಲಿ ಕಾಣಬಹುದು. 2018ರ ಮೇ ತಿಂಗಳಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು, ಆಟಗಳ ಮೇಲೆ ಪಣ ಕಟ್ಟಲು ರಾಜ್ಯಗಳು ಅನುಮತಿ ನೀಡದಂತೆ ತಡೆದಿದ್ದ ಕೇಂದ್ರ ಶಾಸನವನ್ನು ರದ್ದುಪಡಿಸಿತು. ಬಳಿಕ ಒಂದೊಂದಾಗಿ ಅನೇಕ ರಾಜ್ಯಗಳು ಜೂಜಿಗೆ ಬಾಗಿಲು ತೆರೆದವು. ಹಣ ಕಳೆದುಕೊಂಡವರ ಬೈಗುಳು ಬೆದರಿಕೆಗಳು ವಿದ್ಯಾರ್ಥಿ ಆಟಗಾರರನ್ನು ಮುಟ್ಟತೊಡಗಿದವು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷರೇ, ಒಬ್ಬೊಬ್ಬ ವಿದ್ಯಾರ್ಥಿಯ ಆಟದ ಮೇಲೆ ಪಣ ಕಟ್ಟುವುದನ್ನು ನಿಷೇಧಿಸಬೇಕೆಂದು 2024ರ ಮಾರ್ಚಿಯಲ್ಲಿ ರಾಜ್ಯಗಳನ್ನು ಕೇಳಿಕೊಳ್ಳಬೇಕಾಯಿತು. ಮನುಷ್ಯನು ಅಂಕಿಯಾದಾಗ ಅವನ ತಪ್ಪಿಗೆ ಕ್ಷಮೆಯೆಲ್ಲಿ?

ಪಣವಿಲ್ಲದ ಪ್ರೀತಿಯೂ ಎಚ್ಚರ ತಪ್ಪಬಹುದು. ಆಸ್ಟಿನ್ನಿನ ಆ ದೀರ್ಘರಾತ್ರಿಯಲ್ಲಿ ಟೆಕ್ಸಾಸ್ ತಂಡದ ಒಬ್ಬನೇ ಪಿಚರ್ ಹದಿಮೂರು ಸರದಿಗಳಲ್ಲಿ 169 ಚೆಂಡುಗಳನ್ನು ಎಸೆದನು. ಅವನ ಧೈರ್ಯವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ಇನ್ನೊಂದು, ಇನ್ನೊಂದು ಎಂದು ಕೂಗುವ ಜನಸ್ತೋಮಕ್ಕೆ ಅವನ ತೋಳಿನ ನೋವು ತಿಳಿಯುವುದೆಂತು? ಅಷ್ಟು ಕಷ್ಟದಿಂದ ಮುಂದೆ ಹೋದ ಆ ತಂಡವೂ ಆ ವರ್ಷದ ಕೊನೆಯ ಸರಣಿಯಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೋತಿತು. ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯಗಳು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿದ ಶರಣೆ ಲಕ್ಕಮ್ಮನ ಕಥೆ ವಾಚಕರಿಗೆ ವಿದಿತವೇ ಇದೆ. ಸಾಕೆಂಬುದನ್ನು ಅರಿಯದ ಪ್ರೀತಿಯು ಪ್ರೀತಿಸಿದವನನ್ನೇ ತಿನ್ನುತ್ತದೆ. ಮಕ್ಕಳ ಮೇಲೆ ಅಂಕಗಳ ಹೊರೆ ಹೊರಿಸುವ ತಂದೆತಾಯಿಗಳು ಲಕ್ಕಮ್ಮನ ಆ “ಸಾಕು” ಎಂಬುದನ್ನು ನೆನೆಯುವುದು ಲೇಸು.

ಗೆಲುವಿನ ಬಯಕೆಯಿಲ್ಲದಿದ್ದರೆ ಆಟದಲ್ಲಿ ರುಚಿಯೇನು, ಮಗನ ಏಳಿಗೆಯನ್ನು ಬಯಸದ ತಂದೆಯುಂಟೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನ್ಯಾಯವಾದುದೇ. ಶರಣರು ಕಾಯಕವನ್ನು ಬಿಡಹೇಳಿದವರಲ್ಲ; ಕಾಯಕದಲ್ಲಿ ಪೂರ್ಣಮನಸ್ಸನ್ನು ಇಡಹೇಳಿದವರು. ಆದರೆ ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವೊಂದುಂಟಷ್ಟೆ. ಭಕ್ತನು ತನ್ನ ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ, ಬಂದುದನ್ನು ಪ್ರಸಾದವೆಂದು ಕೈಕೊಳ್ಳುತ್ತಾನೆ. ಪ್ರಸಾದದಲ್ಲಿ ಸಿಹಿಯಾದುದನ್ನು ಆಯ್ದುಕೊಂಡು ಕಹಿಯಾದುದನ್ನು ಎಲೆಯಂಚಿಗೆ ಸರಿಸುವ ರೂಢಿಯಿಲ್ಲ. ಗೆಲುವನ್ನು ಬಯಸಲಿ, ಅದಕ್ಕಾಗಿ ನಿದ್ದೆಗೆಡಲಿ, ಕೂಗಲಿ. ಆದರೆ ಬಂದ ಫಲವನ್ನು ಮಾತ್ರ ಪ್ರಸಾದಬುದ್ಧಿಯಿಂದ ಕೈಕೊಳ್ಳಲಿ. ಆಗ ಬಯಕೆಗೆ ಹಲ್ಲಿರುವುದಿಲ್ಲ. ಸೋತ ದುಃಖವೇನೋ ಇರುತ್ತದೆ. ಆ ದುಃಖವನ್ನು ಇನ್ನೊಬ್ಬನ ತಲೆಯ ಮೇಲೆ ಹೊರಿಸುವ ಕ್ರೌರ್ಯವಿರುವುದಿಲ್ಲ.

ಇನ್ನೂ ಒಂದು ಮೆಟ್ಟಿಲಿದೆ. ಆ ಜೂನ್ ರಾತ್ರಿ ಓಮಾಹಾದಲ್ಲಿ ಒಂದೇ ಚೆಂಡು ಒಂದು ಕಡೆಯ ಜನರಿಗೆ ಎದೆಯೊಡೆಯುವ ದುಃಖವನ್ನೂ ಇನ್ನೊಂದು ಕಡೆಯವರಿಗೆ ಹೇಳಲಾಗದ ಆನಂದವನ್ನೂ ತಂದಿತು. ಎರಡೂ ಕಡೆ ಕುಳಿತಿದ್ದವರು ಮಕ್ಕಳ ತಂದೆತಾಯಿಗಳೇ. ಎದುರಾಳಿಯ ಹುಡುಗನೂ ಒಬ್ಬರ ಮನೆಯ ಮಗನೆಂಬ ಅರಿವು ಕ್ಷಣಮಾತ್ರವಾದರೂ ಮೂಡಿದರೆ, “ನಮ್ಮವರು” ಎಂಬ ನುಡಿಯು ಬಸವಣ್ಣನವರು ತೋರಿದ ದಾರಿಯಲ್ಲಿ ಒಂದು ಹೆಜ್ಜೆ ನಡೆದಂತಾಯಿತು. ಚೆಂಡಾಟದಿಂದ ಮೋಕ್ಷವಿಲ್ಲ, ನಿಜ. ಆದರೆ ಚೆಂಡಾಟದಲ್ಲಿ ಕಲಿಯದ ಕ್ಷಮೆಯನ್ನು ನಾವು ಬಾಳಿನಲ್ಲಿ ಎಲ್ಲಿ ಕಲಿತೇವು?

ಅಲ್ಲಿ ರಾತ್ರಿ ಹನ್ನೊಂದಾದಾಗ ಇಲ್ಲಿ ಬೆಳಗಿನ ಒಂಬತ್ತೂವರೆ. ನಮ್ಮ ಗೃಹಸ್ಥನು ಇಷ್ಟಲಿಂಗಪೂಜೆಯನ್ನು ಮುಗಿಸಿ ಕಾಯಕಕ್ಕೆ ಹೊರಡುವ ಹೊತ್ತು. ಹೊಸ್ತಿಲು ದಾಟುವ ಮುನ್ನ ಅವನು ಒಂದು ಸಂಕಲ್ಪವನ್ನು ಮಾಡಿಕೊಳ್ಳಲಿ. ಇಂದು ಮನೆಯಲ್ಲಿ, ಅಂಗಡಿಯಲ್ಲಿ, ಹೊಲದಲ್ಲಿ ನನ್ನವರಲ್ಲಿ ಯಾರಾದರೊಬ್ಬರು ಎಡವಿದರೆ “ಅವನು” ಎನ್ನೆನು, “ನಾವು” ಎಂದೇನು. ಮಗನ ಕೈಯಿಂದ ಬಿಂದಿಗೆ ಜಾರಿದರೆ, ಆಳಿನ ಕೈಯಿಂದ ಮೂಟೆ ಹರಿದರೆ, ತಮ್ಮನ ವ್ಯಾಪಾರದಲ್ಲಿ ನಷ್ಟವಾದರೆ, ಮೊದಲು ಅವನ ಮುಖವನ್ನು ನೋಡಿ ಬಳಿಕ ನೆಲದ ಮೇಲೆ ಬಿದ್ದುದನ್ನು ನೋಡಲಿ. ಅಷ್ಟನ್ನು ಒಂದು ದಿನ ನಡೆಸಿದರೂ, ಪೂಜೆಯಲ್ಲಿ ಅಂಗೈಗೆ ಬಂದ ಲಿಂಗವು ನಡತೆಯಲ್ಲಿಯೂ ಬಂದಂತಾಗುವುದು.