ಪರೀಕ್ಷೆಯೋ ಉಪಭೋಗವೋ

ದನದ ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ. ಒಡೆಯನ ಒಪ್ಪಿಗೆಯಿದ್ದರೆ ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ನೋಡುವ ನೆಪದಲ್ಲಿ ಪರರ ಎತ್ತಿನಿಂದ ತನ್ನ ಹೊಲವನ್ನೆಲ್ಲ ಉತ್ತು ಸಂಜೆಗೆ ಹಿಂದಿರುಗಿಸುವವನನ್ನು ಪರೀಕ್ಷಕನೆಂದು ಯಾರೂ ಕರೆಯಲಾರರು.

ಇದೇ ಪ್ರಶ್ನೆ ಈಗ ಸ್ಮಾರ್ಟ್‌ಫೋನಿನ ರೂಪದಲ್ಲಿ ಬಂದಿದೆ. ಹಲವು ವರ್ಷ ಆಂಡ್ರಾಯ್ಡ್ ಫೋನನ್ನು ಬಳಸಿದ ಕೊಟ್ಟೂರಿನ ವರ್ತಕನೊಬ್ಬನು ಐಫೋನಿಗೆ ಬದಲಾಗಬೇಕೆ ಎಂದು ಚಿಂತಿಸುತ್ತಿರುವನೆಂದು ಭಾವಿಸಬಹುದು. ಪರಿಚಯದ ಅಂಗಡಿಯವನು ಒಂದನ್ನು ಕೈಗಿತ್ತು, "ನಾಲ್ಕು ದಿನ ಒಯ್ದು ನೋಡ್ರಿ ಸಾವ್ಕಾರ್ರೆ" ಎನ್ನುತ್ತಾನೆ. ಕಾಗದವಿಲ್ಲ, ಮುಂಗಡವಿಲ್ಲ; ಇರುವುದು ನಂಬಿಕೆಯೊಂದೇ.

2015ರ ಆಗಸ್ಟಿನಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯು ಅಮೆರಿಕದ ಐಫೋನ್ ಬಳಕೆದಾರರಿಗೆ 1 ಡಾಲರಿಗೆ 30 ದಿನಗಳ ಮಟ್ಟಿಗೆ ತನ್ನ ಫೋನನ್ನು ಕೊಡಮಾಡಿತ್ತು. ಅದು ಲೆಕ್ಕಹಾಕಿ ಕೊಟ್ಟದ್ದು. ತಿಂಗಳು ಕೈಯಲ್ಲಿದ್ದ ವಸ್ತುವನ್ನು ಬಿಡಲು ಮನಸ್ಸು ಒಪ್ಪದೆಂಬುದು ವ್ಯಾಪಾರಿಗಳೆಲ್ಲ ಬಲ್ಲ ಗುಟ್ಟು. ಹಿಂದಿರುಗಿ ಬಂದರೆ ಆಗುವ ನಷ್ಟವನ್ನೂ ಅಂಥ ಸಂಸ್ಥೆ ತಾಳಬಲ್ಲದು. ಚಿಕ್ಕ ಊರಿನ ಅಂಗಡಿಯವನಿಗೆ ಒಂದು ಗೀರು ಬಿದ್ದ ಫೋನೇ ಹಲವು ದಿನಗಳ ಗಳಿಕೆಯನ್ನು ನುಂಗೀತು.

ಆದ್ದರಿಂದ ಕೊಳ್ಳುವ ಯೋಚನೆಯೇ ಇಲ್ಲದೆ, ಮನೆಯ ಮದುವೆಯ ಚಿತ್ರ ತೆಗೆಯಲೆಂದು ಒಯ್ಯುವವನು ಹೊಲ ಉತ್ತವನ ಸಾಲಿಗೆ ಸೇರುತ್ತಾನೆ. ಪ್ರಾಮಾಣಿಕವಾಗಿ ನೋಡಿ ಬೇಡವೆನ್ನುವವನಲ್ಲಿ ದೋಷವಿಲ್ಲ; ಬೇಡವೆನ್ನುವ ಸ್ವಾತಂತ್ರ್ಯವಿಲ್ಲದಿದ್ದರೆ ಅದು ಪರೀಕ್ಷೆಯೇ ಅಲ್ಲ.

ಇನ್ನು ವಸ್ತುವಿಗೂ ನ್ಯಾಯ ಸಲ್ಲಬೇಕಷ್ಟೆ. ಮೊದಲೆರಡು ದಿನ ಬೆರಳು ಹಳೆಯ ಜಾಗವನ್ನೇ ಹುಡುಕುತ್ತದೆ. ರೂಢಿಯ ತೊಡಕನ್ನು ಫೋನಿನ ಕುಂದೆನ್ನುವುದು ಆತುರ. ಅದರಲ್ಲಿ ಕನ್ನಡ ಬರೆಯಲಾಗದೆಂದು ಯಾರಾದರೂ ಹೇಳಿದರೆ, ಆಪಲ್ ಸಂಸ್ಥೆಯದೇ ಕನ್ನಡ ಕೀಲಿಮಣೆ 2017ರಲ್ಲಿ ಬಂದುದನ್ನು ನೆನೆಯಬೇಕು. ಹೊಲದ ನಡುವೆ ಕರೆ ಕಡಿದುಹೋದರೆ ಹಲವು ವೇಳೆ ದೋಷ ಗೋಪುರದ ದೂರದ್ದು. ಸಂಖ್ಯೆಯನ್ನು ಉಳಿಸಿಕೊಂಡೇ ಸೇವಾ ಸಂಸ್ಥೆಯನ್ನು ಬದಲಿಸುವ ಅವಕಾಶ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಫೋನು ಬದಲಿಸುವುದಕ್ಕಿಂತ ಅದು ಎಷ್ಟೋ ಅಗ್ಗ. 2023ರಿಂದ ವಾಟ್ಸಾಪಿನ ಒಂದೇ ಖಾತೆಯನ್ನು ಎರಡನೆಯ ಫೋನಿಗೂ ಜೋಡಿಸಬಹುದಾದ್ದರಿಂದ ಹಳೆಯದನ್ನು ಕಳಚದೆಯೇ ಹೊಸದನ್ನು ನೋಡಲು ಸಾಧ್ಯ.

ಕಠಿಣವಾದ ಪ್ರಶ್ನೆ ಬೇರೆಯೇ ಇದೆ. ವರ್ತಕನ ಹಳೆಯ ಫೋನು ಇನ್ನೂ ನಡೆಯುತ್ತಿದೆ. ಹಾಗಿರುವಾಗ ಕೊರತೆಯನ್ನು ನೀಗಲು ಪರೀಕ್ಷೆ ಹೊರಟಿತೋ, ಪರೀಕ್ಷೆಯೇ ಕೊರತೆಯನ್ನು ಹುಟ್ಟಿಸಿತೋ? ಪರಿಗ್ರಹವು ಹಣ ತೆತ್ತ ದಿನವೇ ಆರಂಭವಾಗಬೇಕೆಂದಿಲ್ಲ. ಹಳೆಯದರಲ್ಲಿ ಏನು ಸಾಲದೆಂಬುದನ್ನು ಹೊಸದನ್ನು ಮುಟ್ಟುವ ಮೊದಲೇ ಚೀಟಿಯಲ್ಲಿ ಬರೆದಿಟ್ಟಿದ್ದರೆ, ನಾಲ್ಕನೆಯ ದಿನ ಆ ಚೀಟಿಯೇ ಸಾಕ್ಷಿ ನುಡಿಯುತ್ತಿತ್ತು. ಹೆಚ್ಚಿನವರು ಬರೆಯುವುದಿಲ್ಲ.

ಹಿಂದಿರುಗಿಸುವಾಗ ತನ್ನ ಚಿತ್ರಗಳನ್ನು ಅಳಿಸಿ, ಖಾತೆಯಿಂದ ಹೊರಬಂದೇ ಕೊಡಬೇಕು. ಹಿಂದಿನವನ ಖಾತೆಯ ಬೀಗ ಉಳಿದ ಐಫೋನು ಮುಂದೆ ಕೊಳ್ಳುವವನ ಉಪಯೋಗಕ್ಕೆ ಬಾರದು. ಜೊತೆಗೆ ಕಾರಣವನ್ನೂ ಹೇಳಬೇಕು. "ಮನೆಯಲ್ಲಿ ಒಪ್ಪಲಿಲ್ಲ" ಎಂಬ ಸುಲಭದ ಸುಳ್ಳಿನಿಂದ ಅಂಗಡಿಯವನಿಗೆ ಏನೂ ತಿಳಿಯದು. ಬೆಲೆ ಹೆಚ್ಚೆನಿಸಿತೆಂದರೆ ಮುಂದಿನ ಗಿರಾಕಿಗೆ ಅದನ್ನು ಮೊದಲೇ ತಿಳಿಸುತ್ತಾನೆ.