ತಂಗಿ ಅನ್ನೋ ಪಾಲಿಸಿ

ವಿಶೇಷ ಅಗತ್ಯಗಳಿರೋ ಮಕ್ಕಳ ಅಪ್ಪ-ಅಮ್ಮಂದಿರು ನಾಲ್ಕು ಜನ ಸೇರಿದ ಕಡೆ ಥೆರಪಿ, ಶಾಲೆ, ಫೀಸು ಎಲ್ಲ ಮಾತಾಡಿ ಮುಗಿದ ಮೇಲೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ: ‘ನಮ್ಮ ಕಾಲ ಆದ ಮೇಲೆ ಇವನಿಗೆ ಯಾರು?’ ಇದಕ್ಕೆ ನೆಂಟರ ಹತ್ತಿರ ಒಂದು ಉತ್ತರ ಸದಾ ಸಿದ್ಧ ಇರುತ್ತೆ. ‘ಇನ್ನೊಂದು ಮಗು ಇದೆಯಲ್ಲಪ್ಪಾ, ನೋಡ್ಕೊಳ್ಳುತ್ತೆ ಬಿಡು.’

ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಮಗಳಿಗೆ ಐದು. ಚಪ್ಪಲಿಯ ಎಡ-ಬಲ ಅವಳಿಗಿನ್ನೂ ಗೊತ್ತಾಗಲ್ಲ. ಆದರೆ ಎಲ್ಲರ ಲೆಕ್ಕದಲ್ಲೂ ಅವಳು ಆಗಲೇ ಅಣ್ಣನ ಇನ್ಶೂರೆನ್ಸ್ ಪಾಲಿಸಿ. ಒಂದು ಮಗುವಿನ ಭದ್ರತೆಗೆ ಇನ್ನೊಂದು ಮಗುವಿನ ಬದುಕನ್ನು, ಅದನ್ನು ಕೇಳದೇನೇ ಅಡ ಇಡೋದು ಸರಿಯಾ?

ಮೊದಲು ಲೆಕ್ಕ ನೋಡೋಣ. ಇವತ್ತು ಅವನ ಆರೈಕೆಗೆ ತಿಂಗಳಿಗೆ 30,000 ರೂಪಾಯಿ ಬೇಕು ಅಂದ್ಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ ಆ ಮೊತ್ತ 12 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತೆ. 36 ವರ್ಷ ಆದ ಮೇಲೆ ಅದೇ ಆರೈಕೆಗೆ ತಿಂಗಳಿಗೆ ಸುಮಾರು 2,40,000. ಆಗ ಅವನಿಗೆ 45. ನಾನಿದ್ದರೆ ಎಪ್ಪತ್ತು ದಾಟಿರ್ತೀನಿ. ಉಳಿದವರು ಮಕ್ಕಳ ಓದು, ಮದುವೆ ತನಕ ಕೂಡಿಟ್ಟರೆ ಸಾಕು. ನಮ್ಮ ಮನೇಲಿ ದುಡಿಮೆ ನಿಂತ ಮೇಲೆ ನಾವೂ ಬದುಕಬೇಕು, ನಾವು ಹೋದ ಮೇಲೆ ಅವನೂ ಬದುಕಬೇಕು. ಎರಡಕ್ಕೂ ಇದೇ ಸಂಬಳ.

‘ಹಳ್ಳೀಲಿ ಈ ಗೋಳಿಲ್ಲ, ಎಲ್ಲರೂ ಸೇರಿ ಸಾಕ್ತಾರೆ’ ಅಂತ ಆಫೀಸಿನ ಗೆಳೆಯರು ಹೇಳ್ತಾರೆ. ಹಳ್ಳೀಲೇ ಬೆಳೆದವನಾಗಿ ಹೇಳ್ತೀನಿ, ಅದು ಅರ್ಧ ನಿಜ. ನಮ್ಮೂರಲ್ಲಿ ನನಗೆ ವರಸೆಯಲ್ಲಿ ಚಿಕ್ಕಪ್ಪ ಆಗಬೇಕಾದವರೊಬ್ಬರಿದ್ದರು. ಮಾತು ಕಮ್ಮಿ, ದನ ಕಾಯೋದ್ರಲ್ಲಿ ಎತ್ತಿದ ಕೈ. ಯಾರ ಮನೆ ಜಗಲಿ ಮೇಲೆ ಕೂತರೂ ಮುಂದೆ ತಟ್ಟೆ ಬರ್ತಿತ್ತು. ಅಣ್ಣತಮ್ಮಂದಿರು ಪಾಲಾದಾಗ ‘ಇವನನ್ನ ಯಾರು ನೋಡ್ಕೋತಾರೋ ಇವನ ಹೊಲ ಅವರಿಗೆ’ ಅಂತ ಹಿರಿಯರು ತೀರ್ಮಾನ ಮಾಡಿದರು. ಹಿರಿಯಣ್ಣ ಒಪ್ಪಿಕೊಂಡರು, ಇರೋ ತನಕ ಚೆನ್ನಾಗೇ ನೋಡ್ಕೊಂಡರು. ಅವರು ತೀರಿಕೊಂಡ ಮೇಲೆ ಹೊಲ ಮಕ್ಕಳ ಪಾಲಿಗೆ ಬಂತು. ಚಿಕ್ಕಪ್ಪ ಮಾತ್ರ ಯಾರ ಪಾಲಿಗೂ ಬರಲಿಲ್ಲ.

ಅಲ್ಲಿ ಯಾರೂ ಕೆಟ್ಟವರಲ್ಲ. ಹೊಲ ಮತ್ತು ಹೊಣೆ ಎರಡೂ ಒಂದೇ ಕೈಯಲ್ಲಿದ್ದವು, ಕೇಳೋರು ಇರಲಿಲ್ಲ, ಅಷ್ಟೆ. ನಮ್ಮ ಕೆಲಸದ ಭಾಷೇಲಿ ಇದನ್ನ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತೀವಿ. ಒಂದು ಸರ್ವರ್ ಬಿದ್ದರೆ ಎಲ್ಲವೂ ಬೀಳೋ ಹಾಗೆ ಯಾರೂ ಸಿಸ್ಟಮ್ ಕಟ್ಟಲ್ಲ. ಮಗನ ಬದುಕನ್ನ ಯಾಕೆ ಹಾಗೆ ಕಟ್ಟಬೇಕು?

ಕಾನೂನು ಇಲ್ಲಿ ಸ್ವಲ್ಪ ಕೈ ಹಿಡಿಯುತ್ತೆ. ಮಗುವಿಗೆ 18 ತುಂಬಿದರೆ ಅವನು ವಯಸ್ಕ. ಅಪ್ಪ-ಅಮ್ಮ ಅನ್ನೋ ಕಾರಣಕ್ಕೇ ಅವನ ಪರವಾಗಿ ಸಹಿ ಹಾಕೋಕೆ ಬರಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರೋರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನ ನೇಮಿಸುತ್ತೆ. ಅದೇ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ 1 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಖರ್ಚು ಕೊಡುತ್ತೆ. ಇನ್ನು ದುಡ್ಡಿಗೆ 1882ರ ಟ್ರಸ್ಟ್ ಕಾಯ್ದೆಯಡಿ ಮಗನಿಗೋಸ್ಕರವೇ ಒಂದು ಖಾಸಗಿ ಟ್ರಸ್ಟ್ ಮಾಡಬಹುದು. ವಿಲ್‌ನಲ್ಲೂ ಅದನ್ನ ಬರೆದಿಡಬಹುದು. ಮುಖ್ಯ ಮಾತು ಇದು: ದುಡ್ಡು ಹಿಡಿಯೋರು ಬೇರೆ, ಆರೈಕೆ ಮಾಡೋರು ಬೇರೆ, ಒಬ್ಬರನ್ನೊಬ್ಬರು ಲೆಕ್ಕ ಕೇಳೋ ಹಾಗೆ. ನಮ್ಮೂರಿನ ತೀರ್ಮಾನದಲ್ಲಿ ಇಲ್ಲದೇ ಹೋಗಿದ್ದು ಇದೊಂದೇ.

ಇದನ್ನೆಲ್ಲ ಹೇಳಿದಾಗ ಅಮ್ಮ ಬೇಜಾರು ಮಾಡ್ಕೊಂಡಳು. ‘ಒಡಹುಟ್ಟಿದೋಳ ಮೇಲೇ ನಂಬಿಕೆ ಇಲ್ವೇನೋ ನಿಂಗೆ? ಎಲ್ಲದಕ್ಕೂ ಕಾಗದ ಪತ್ರ ಅಂತೀಯ.’ ಅಮ್ಮನ ಮಾತನ್ನ ತಳ್ಳಿಹಾಕೋಕೆ ಆಗಲ್ಲ. ದುಡ್ಡು ಕೊಟ್ಟು ತಂದ ಆರೈಕೆಯಲ್ಲಿ ಅಕ್ಕರೆ ಇರುತ್ತೆ ಅಂತ ಯಾವ ಟ್ರಸ್ಟೂ ಬರೆದುಕೊಡಲ್ಲ. ಆದರೆ ನನಗನ್ನಿಸೋದು, ಕಾಗದ ಇರೋದು ಅಕ್ಕರೆಯ ಜಾಗಕ್ಕೆ ಬರೋಕಲ್ಲ, ಅದರ ಮೇಲಿನ ಭಾರ ಇಳಿಸೋಕೆ. ಅಣ್ಣನ ಖರ್ಚಿಗೆ ಹೆದರಿ ಮದುವೆ, ಕೆಲಸ, ಊರು ಎಲ್ಲವನ್ನೂ ತೂಗಿ ನೋಡಬೇಕಾದ ತಂಗಿ ಯಾವತ್ತಾದರೂ ಒಂದಿನ ಅವನನ್ನ ಭಾರ ಅಂತಲೇ ನೋಡಬಹುದು. ಭಾರ ಇಲ್ಲದಿದ್ದರೆ ಅವಳು ಬರೀ ತಂಗಿಯಾಗಿ ಇರಬಹುದು.

ಹಾಗಂತ ಎಲ್ಲವೂ ರೂಪಾಯಿಯಲ್ಲಿ ಬರೆಯೋಕೆ ಆಗಲ್ಲ. ನಾನೂ ನನ್ನ ಹೆಂಡತಿಯೂ ಒಂದು ನೋಟ್‌ಬುಕ್ ಇಟ್ಟಿದೀವಿ. ಅವನಿಗೆ ಮಿಕ್ಸಿ ಶಬ್ದ ಆಗಲ್ಲ. ಅನ್ನ, ಸಾರು ಕಲಸಬಾರದು, ಬೇರೆ ಬೇರೆ ಇಡಬೇಕು. ಕಿವಿ ಮುಚ್ಚಿಕೊಂಡರೆ ಹಟ ಅಲ್ಲ, ಸಾಕಾಗಿದೆ ಅಂತ ಅರ್ಥ. ಟ್ರಸ್ಟಿನ ಕಾಗದದಷ್ಟೇ ಇದೂ ಅವನ ಆಸ್ತಿ.

ಇಷ್ಟೆಲ್ಲ ಯೋಚನೆ ಮಾಡೋಕೆ ಆಗ್ತಿರೋದು ತಿಂಗಳ ಕೊನೆಗೆ ಸಂಬಳ ಬರೋದ್ರಿಂದ ಅನ್ನೋದು ಗೊತ್ತು. ಕೂಲಿ ಮಾಡೋ ತಾಯಿಯ ‘ನನ್ನ ನಂತರ ಯಾರು’ ಅನ್ನೋ ಪ್ರಶ್ನೆ ನನ್ನದಕ್ಕಿಂತ ಚಿಕ್ಕದೇನಲ್ಲ. ಅದಕ್ಕೆ ಉತ್ತರ ಕೊಡಬೇಕಾದ್ದು ಅವಳ ಇನ್ನೊಂದು ಮಗು ಅಲ್ಲ, ನಾವೆಲ್ಲ ಸೇರಿ ನಡೆಸೋ ಸರ್ಕಾರ.

ನಾಳೆ ನನ್ನ ಮಗಳು ಅಣ್ಣನನ್ನ ನೋಡೋಕೆ ಬರಲಿ ಅನ್ನೋದು ನನ್ನ ಆಸೆ. ಅವಳು ಬರದೇ ಇದ್ದ ದಿನವೂ ಅವನ ತಟ್ಟೆಗೆ ಅನ್ನ, ಸಾರು ಬೇರೆ ಬೇರೆಯಾಗಿ ಬರಬೇಕು ಅನ್ನೋದು ನನ್ನ ಹೊಣೆ.